ಒಂದು ಸಲಕ್ಕೆ ಕಣ್ಣಿಗೆ ಒಂದೇ ಕೆಲಸ

ಪಾಠದ ಚಿತ್ರ ಅಂದವಾಗಿದ್ದರೆ ಸಾಲದು; ನೋಟ ಎಲ್ಲಿಂದ ಶುರುವಾಗಬೇಕು, ಎತ್ತ ಸಾಗಬೇಕು ಎಂಬುದು ಮಗುವಿಗೆ ಹೊಳೆಯಬೇಕು. ಕಿವುಡ ಮಕ್ಕಳಿಗೆ ಕಲಿಸುವಾಗ ಇದು ನಿಚ್ಚಳವಾಗಿ ಕಾಣುತ್ತದೆ. ಅಂಥ ಮಕ್ಕಳಿರುವ ಊರುಗಳಲ್ಲೊಂದಾದ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡುತನ ಹಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬಂದಿದೆ. ಅದರ ಜೊತೆಗೇ ಊರಿನದೇ ಆದ ಒಂದು ಸನ್ನೆ ಭಾಷೆಯೂ ಬೆಳೆದಿದೆ. ಸನ್ನೆ ಭಾಷೆಗಳ ಸಂಶೋಧಕ ಸಿಬಾಜಿ ಪಾಂಡ ಆ ಭಾಷೆಯ ಬಗ್ಗೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾದಾಗ ಭಾಷಾವಿಜ್ಞಾನಿಗಳ ಗಮನ ಅದರತ್ತ ಹರಿಯಿತು. ಊರಿನ ಕಿವಿ ಕೇಳುವವರಲ್ಲೂ ಆ ಸನ್ನೆ ಭಾಷೆ ಬಲ್ಲವರಿದ್ದಾರೆ.

ಕಿವಿ ಕೇಳುವ ಮಗು ಚಿತ್ರ ನೋಡುತ್ತಲೇ ಮೇಷ್ಟ್ರ ಮಾತು ಆಲಿಸುತ್ತದೆ. ಚಿತ್ರದ ಜೊತೆ ಬರಹಕ್ಕಿಂತ ಮಾತು ಹೆಚ್ಚು ನೆರವಾಗುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಹೇಳುವುದು ಇದೇ ಕಾರಣಕ್ಕೆ. ಸನ್ನೆಯಲ್ಲಿ ಕಲಿಯುವ ಮಗುವಿಗೆ ಆ ಅನುಕೂಲವಿಲ್ಲ. ಕೈ ನೋಡಿದರೆ ಚಿತ್ರ ತಪ್ಪುತ್ತದೆ, ಚಿತ್ರ ನೋಡಿದರೆ ಕೈ ತಪ್ಪುತ್ತದೆ. ಹಾಗಾಗಿ ಮೊದಲು ಚಿತ್ರ; ಆಮೇಲೆ ಸುಮ್ಮನಿರುವುದು; ಮಗು ತಾನಾಗಿ ಕಣ್ಣೆತ್ತಿದ ಮೇಲೆ ಸನ್ನೆ. ಈ ಲೇಖಕರ ಅನುಭವದಲ್ಲಿ ಕಲಿಸುವವರಿಗೆ ಬಹಳ ಕಷ್ಟವಾಗುವುದು ಆ ನಡುವಿನ ಸುಮ್ಮನಿರುವಿಕೆಯೇ.

ಚಿತ್ರದ ರಚನೆಗೂ ಇದೇ ಲೆಕ್ಕ. ಹೆಸರುಗಳು ಪುಟದ ಬುಡದಲ್ಲಿ ಅ, ಆ, ಇ ಎಂದು ಪಟ್ಟಿಯಾಗಿದ್ದರೆ ಕಣ್ಣು ಮೇಲೆ ಕೆಳಗೆ ಅಲೆಯುತ್ತದೆ. ಹೆಸರು ಆಯಾ ಭಾಗದ ಪಕ್ಕದಲ್ಲೇ ಇರಬೇಕು. ಅಂಚಿನ ಹೂಬಳ್ಳಿ, ಮೂಲೆಯ ನಗುವ ಸೂರ್ಯ ಬೇಡವೇ ಬೇಡ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮಕ್ಕಳು ಕಣ್ಣಾರೆ ಕಂಡಿರುವ ರೇಷ್ಮೆ ಹುಳುವಿನ ಪಾಠವನ್ನೇ ನೋಡಬಹುದು. ಪಠ್ಯಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ, ಹುಳು, ಗೂಡು, ಚಿಟ್ಟೆ ನಾಲ್ಕನ್ನೂ ಒಂದೇ ಗಾತ್ರದಲ್ಲಿ ಚಕ್ರಾಕಾರವಾಗಿ ಬರೆದು, ನಡುವೆ ಬಾಣ ಹಾಕಿರುತ್ತಾರೆ. ಮೊಟ್ಟೆ ಸುಮಾರು 1 ಮಿಲಿಮೀಟರ್, ಬಲಿತ ಹುಳು ಸುಮಾರು 7 ಸೆಂಟಿಮೀಟರ್. ಚಕ್ರ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಹುಳು ಪೊರೆ ಕಳಚಲು ನಾಲ್ಕು ಸಲ ಜ್ವರಕ್ಕೆ ಕೂರುವುದೂ ಅಲ್ಲಿಲ್ಲ. ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತ ಹುಳುವಿನ ಒಂದು ರೇಖಾಚಿತ್ರ, ಪಕ್ಕದಲ್ಲಿ ಕಳಚಿದ ಪೊರೆ, ಇಷ್ಟಿದ್ದರೆ ಒಂದು ಪ್ಯಾರಾ ಬರಹ ಉಳಿಯುತ್ತದೆ.

ಇನ್ನೂ ದೊಡ್ಡ ತೊಡಕು ಬಾಣದ್ದು. ಗೂಡಿನಿಂದ ಚಿಟ್ಟೆಗೆ ಹೋಗುವ ಬಾಣ ಮೊಟ್ಟೆಗಾಗಿ ಇಟ್ಟುಕೊಳ್ಳುವ ಬಿತ್ತನೆ ಗೂಡಿಗೆ ಮಾತ್ರ ಸರಿ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ಕಡಿಯುತ್ತದೆ. ಆದ್ದರಿಂದ ಮಾರುಕಟ್ಟೆಗೆ ಹೋದ ಗೂಡಿನೊಳಗೆ ಕೋಶಾವಸ್ಥೆಯಲ್ಲಿರುವ ಹುಳುವನ್ನು ಬಿಸಿಯಲ್ಲಿ ಕೊಂದು, ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಮನೆಯಲ್ಲಿ ಇದನ್ನು ಕಂಡ ಮಗುವಿಗೆ ಪುಸ್ತಕದ ಚಕ್ರ ಬೇರೆ ಯಾವುದೋ ಹುಳುವಿನದೆನಿಸಿದರೆ ಆಶ್ಚರ್ಯವಿಲ್ಲ. ಚಿತ್ರ ಗೂಡಿನ ಹತ್ತಿರ ಕವಲೊಡೆಯಬೇಕು: ಒಂದು ದಾರಿ ಚಿಟ್ಟೆಗೆ, ಮೊಟ್ಟೆಗೆ, ಇನ್ನೊಂದು ನೂಲಿಗೆ. ಬೆಳವಣಿಗೆಯ ಬಾಣ ದಪ್ಪಗಿರಲಿ. ಹೆಸರು ತೋರಿಸಲು ಬಾಣವೇ ಬೇಡ, ತೆಳುವಾದ ಗೆರೆ ಸಾಕು. ಒಂದೇ ಗುರುತಿಗೆ ಎರಡು ಅರ್ಥ ಕೊಟ್ಟರೆ ಮಗು ಊಹೆ ಮಾಡತೊಡಗುತ್ತದೆ.

ಚಿತ್ರ ಅರ್ಥವಾಯಿತೇ ಎಂದು ಕೇಳಿದರೆ ಎಲ್ಲ ತಲೆಗಳೂ ಆಡುತ್ತವೆ. ಅದರ ಬದಲು ಹೆಸರುಗಳನ್ನು ತೆಗೆದು, ಚಿತ್ರವನ್ನು ಬಿಡಿಬಿಡಿಯಾಗಿ ಕತ್ತರಿಸಿ, ಮಕ್ಕಳಿಂದಲೇ ನೆಲದ ಮೇಲೆ ಜೋಡಣೆ ಮಾಡಿಸಬೇಕು. ಹಲವರ ಕೈ ಒಂದೇ ತುಂಡಿನ ಹತ್ತಿರ ತಡವರಿಸಿದರೆ ಆ ಭಾಗವನ್ನು ಹೊಸದಾಗಿ ಬರೆದು, ಮತ್ತೆ ಅದೇ ಮಕ್ಕಳಿಗೆ ಕೊಡಬೇಕು.