ಯಂತ್ರದ ಕೈಯೂ ಜೀವಸತ್ವದ ಗುಳಿಗೆಯೂ

ಅಮೇರಿಕದ ಅಮೆಜಾನ್ ಸಂಸ್ಥೆಯು 2012ರಲ್ಲಿ ಕೀವಾ ಎಂಬ ಕಂಪೆನಿಯನ್ನು ಕೊಂಡುಕೊಂಡಿತು. ಆ ಕಂಪೆನಿಯ ಗಿಡ್ಡ ಯಂತ್ರಗಳು ಉಗ್ರಾಣದಲ್ಲಿ ಕಪಾಟಿನ ಅಡಿಗೆ ನುಸುಳಿ, ಕಪಾಟನ್ನೇ ಹೊತ್ತು ಕೆಲಸಗಾರರ ಮುಂದೆ ತಂದು ನಿಲ್ಲಿಸುವವು. ಜೀವಸತ್ವದ ಗುಳಿಗೆಗಳ ವ್ಯಾಪಾರಕ್ಕೆ ಇದು ಬಹಳ ಒಪ್ಪುವದು: ಸೀಸೆಗಳು ಹಗುರ, ಬಗೆಗಳು ಹಲವು. ತಿಂಗಳು ತಿಂಗಳೂ ನಾವು ಕೇಳದೆಯೇ ಹೊಸ ಸೀಸೆಯು ಬಾಗಿಲಿಗೆ ಬರುವಂತೆಯೂ ಏರ್ಪಡಿಸಬಹುದು. ನಮಗೆ ಅಂಜಿಕೆಯಾಗುವದು ಇಲ್ಲಿಯೇ. ‘ಸಿ’ ಜೀವಸತ್ವವು ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೊರಟುಹೋಗುವದು. ‘ಎ’, ‘ಡಿ’ಗಳಾದರೋ ಶರೀರದಲ್ಲಿ ಶೇಖರವಾಗುವವು. ‘ಡಿ’ ಮಿತಿಮೀರಿದರೆ ರಕ್ತದಲ್ಲಿ ಸುಣ್ಣದ ಅಂಶವೇರಿ ಮೂತ್ರಪಿಂಡಗಳು ಕೆಡಬಹುದು. “ಇದು ಯಾರಿಗಮ್ಮಾ? ಮೊನ್ನೆ ಕೊಂಡದ್ದು ಮುಗಿಯಿತೇ?” ಎಂದು ಒಳ್ಳೆಯ ಅಂಗಡಿಯವನು ಕೇಳುವನು (ಎಲ್ಲರೂ ಕೇಳುವರೆಂದು ನಾವು ಹೇಳೆವು). ಯಂತ್ರಕ್ಕೂ ಈ ಪ್ರಶ್ನೆಯನ್ನು ಕಲಿಸಬಹುದು. ಕಲಿಸುವ ತನಕ ಸೀಸೆಯ ಮೇಲಣ ಚೀಟಿಯನ್ನು ಓದಿ ಲೆಕ್ಕವಿಡುವ ಕೆಲಸವು ಮನೆಯವರದೇ.