ದೂರಕ್ಕಿಂತ ಕೂತ ಹೊತ್ತು ಮುಖ್ಯ

ಕೆಲವು ವರ್ಷಗಳ ಹಿಂದಿನ ಚಳಿಗಾಲ. ತುಮಕೂರಿನ ಶೆಟ್ಟಿಹಳ್ಳಿಯ 62 ವರ್ಷದ ಗೃಹಿಣಿಯೊಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದರು. ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಬಂದವರು ಟಿಕೆಟ್ ತೋರಿಸಿ, “ಡಾಕ್ಟ್ರೇ, ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಅವತ್ತೇ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತಂತೆ. ಎರಡೂವರೆ ಗಂಟೆ ಪ್ರಯಾಣ ಅಷ್ಟೇನಾ?” ಎಂದು ಕೇಳಿದರು.

ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರದ ವೇಳೆ. ಚಳಿಗಾಲದಲ್ಲಿ ಆ ಊರಿನ ಗಡಿಯಾರ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಅದನ್ನು ಕೂಡಿಸಿದರೆ ಪ್ರಯಾಣ 16 ಗಂಟೆ. ದೂರ ಸುಮಾರು 14,000 ಕಿಲೋಮೀಟರ್. ಜನವರಿ 2021ರಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ, ನಡುವೆ ಎಲ್ಲೂ ಇಳಿಯದೆ, ಅಲ್ಲಿಂದ ಬೆಂಗಳೂರಿಗೆ ವಿಮಾನ ತಂದದ್ದು ಓದುಗರಿಗೆ ನೆನಪಿರಬಹುದು.

ಇಷ್ಟೆಲ್ಲ ವಿವರಿಸಿದ ನಾನು ಕಾಲಿನ ವಿಷಯ ಹೇಳಲು ಮರೆತೆ. ಮೂರು ತಿಂಗಳ ನಂತರ ಊರಿಗೆ ಮರಳಿದ ಆಕೆಗೆ ನಾಲ್ಕನೇ ದಿನ ಎಡ ಮೀನಖಂಡ ಊದಿಕೊಂಡು ನೋಯತೊಡಗಿತು. ಕೂತು ಕೂತು ಹಿಡಿದುಕೊಂಡಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರು. ನನ್ನ ಬಳಿ ಬರುವಾಗ ವಾರ ಕಳೆದಿತ್ತು. ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಿಳಿಯಿತು.

ಹೀಗೇಕಾಗುತ್ತದೆ? ಕಾಲಿನ ರಕ್ತ ಹೃದಯಕ್ಕೆ ಹಿಂತಿರುಗಲು ಮೀನಖಂಡದ ಸ್ನಾಯುಗಳು ಪಂಪಿನಂತೆ ಒತ್ತಬೇಕು. ನಡೆಯುವಾಗ ಇದು ತಾನಾಗಿ ನಡೆಯುತ್ತದೆ. ಗಂಟೆಗಟ್ಟಲೆ ಕಾಲು ಮಡಿಸಿ ಕೂತರೆ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 4 ಗಂಟೆಗೂ ಮೀರಿ ಅಲುಗಾಡದೆ ಕೂತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ವಿಮಾನ, ರೈಲು, ಬಸ್ಸು, ಕಾರು ಯಾವುದಾದರೂ ಸರಿಯೇ. ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿಲೋಮೀಟರ್, ತುಮಕೂರಿನಿಂದ ಮುಂಬೈ ಸುಮಾರು 900. ಆದರೂ ಬಸ್ಸಿನಲ್ಲಿ ಮುಂಬೈ ಸೇರುವವರು ಲಂಡನ್ನಿಗೆ ಹಾರುವವರಿಗಿಂತ ಹೆಚ್ಚು ಹೊತ್ತು ಕೂತಿರುತ್ತಾರೆ. ಹಾಗೆಂದು ಗಾಬರಿ ಬೇಡ. ಆರೋಗ್ಯವಂತರಲ್ಲಿ ಸುಮಾರು 6,000 ಮಂದಿಗೆ ಒಬ್ಬರಲ್ಲಿ ಮಾತ್ರ ಹೀಗಾಗುತ್ತದೆ.

ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ನುಂಗುವವರು, ಅತಿ ದಪ್ಪಗಿರುವವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಕಾಲನ್ನು ಬಿಗಿಯಾಗಿ ಹಿಡಿಯುವ ವಿಶೇಷ ಕಾಲುಚೀಲ ಕೆಲವರಿಗೆ ಬೇಕಾಗಬಹುದು. ಆಸ್ಪಿರಿನ್ ಮಾತ್ರೆಯನ್ನು ತಾವಾಗಿಯೇ ನುಂಗಬಾರದು.

ಉಳಿದವರು ಮಾಡಬೇಕಾದ್ದು ಸುಲಭ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕೂತಲ್ಲೇ ಪಾದಗಳನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ. ಬೇಕಾದಷ್ಟು ನೀರು ಕುಡಿಯಿರಿ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಬಿಡಬೇಡಿ, ಏಳುವುದೇ ಒಳ್ಳೆಯದು. ಸಾಮಾನನ್ನು ಕಾಲ ಬುಡದಲ್ಲಿ ತುಂಬಬೇಡಿ.

ಪ್ರಯಾಣದ ನಂತರದ ಕೆಲವು ವಾರಗಳಲ್ಲಿ ಒಂದೇ ಕಾಲು ಊದಿಕೊಂಡು ನೋವು, ಬಿಸಿ ಕಂಡರೆ ತಿಕ್ಕಬೇಡಿ. ಅಂದೇ ವೈದ್ಯರಲ್ಲಿಗೆ ಹೋಗಿ. ಹಠಾತ್ತನೆ ಉಬ್ಬಸ, ಎದೆನೋವು, ಕಫದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಆಕೆ ಮೂರು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗಿ ಗುಣಮುಖರಾದರು. ಅಂದಿನಿಂದ ಯಾರಾದರೂ ದೂರದ ಊರಿಗೆ ಹೊರಟಿದ್ದೇನೆ ಎಂದರೆ, ಎಷ್ಟು ಗಂಟೆ ಕೂರಬೇಕಾಗುತ್ತದೆ ಎಂದು ನಾನು ತಪ್ಪದೆ ಕೇಳುತ್ತೇನೆ.