ವಲಸಿಗರು, ನಿರಾಶ್ರಿತರು, ಅನಿವಾಸಿಗಳು: ಯಾರಿಗೆ ಯಾವ ಹೆಸರು?

ಪ್ರಶ್ನೆ: ಬೈಲಕುಪ್ಪೆಯ ಟಿಬೆಟನ್ನರನ್ನು ನಿರಾಶ್ರಿತರು ಅನ್ನುತ್ತೇವೆ. ದುಬೈಗೆ ಹೋದ ನಮ್ಮೂರ ಹುಡುಗ ಅನಿವಾಸಿ ಭಾರತೀಯ. ಗಡಿ ದಾಟಿ ಬಂದ ಕೂಲಿಯವನು ಅಕ್ರಮ ವಲಸಿಗ. ಎಲ್ಲರೂ ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋದವರೇ ಅಲ್ಲವೇ? ಹೆಸರು ಮಾತ್ರ ಬೇರೆ ಬೇರೆ ಯಾಕೆ?
– ಓದುಗರೊಬ್ಬರು, ಪಿರಿಯಾಪಟ್ಟಣ

ಉತ್ತರ: ಈ ಹೆಸರುಗಳ ಹಿಂದೆ ಎರಡು ಪ್ರಶ್ನೆಗಳಿವೆ. ಆ ವ್ಯಕ್ತಿ ತನ್ನ ದೇಶವನ್ನು ಯಾಕೆ ಬಿಟ್ಟ? ಈಗಿರುವ ದೇಶ ಅವನಿಗೆ ಯಾವ ಕಾಗದ ಕೊಟ್ಟಿದೆ? ಮೊದಲನೆಯದು ಅವನ ಬದುಕಿನ ಕಥೆ, ಎರಡನೆಯದು ಸರ್ಕಾರದ ತೀರ್ಮಾನ. ಎರಡನ್ನೂ ಬೆರೆಸಿ ಮಾತನಾಡುವುದರಿಂದಲೇ ಗೊಂದಲ ಹುಟ್ಟುತ್ತದೆ.

ನಿಮ್ಮ ಪಕ್ಕದಲ್ಲೇ ಇರುವ ಟಿಬೆಟನ್ನರಿಗಿಟ್ಟ ನಿರಾಶ್ರಿತರು ಎಂಬ ಹೆಸರಿನಿಂದ ಶುರು ಮಾಡೋಣ. ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ, ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ದಬ್ಬಾಳಿಕೆಗೆ ಗುರಿಯಾಗುವ ಭಯವಿದ್ದು, ಆ ಭಯಕ್ಕೆ ತಕ್ಕ ಆಧಾರವೂ ಇದ್ದು, ಸ್ವದೇಶದ ಹೊರಗಿರುವವರು ನಿರಾಶ್ರಿತರು. ಮೊದಲು ಇದು 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಂದ ದಿಕ್ಕೆಟ್ಟವರಿಗಷ್ಟೇ ಅನ್ವಯಿಸುತ್ತಿತ್ತು. 1967ರ ಪೂರಕ ಒಪ್ಪಂದ ಆ ಮಿತಿಯನ್ನು ತೆಗೆದುಹಾಕಿತು. ಇದರ ಜೀವಾಳ 33ನೇ ವಿಧಿ: ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ನಿರಾಶ್ರಿತರನ್ನು ಮರಳಿ ದೂಡಬಾರದು. ರಕ್ಷಣೆ ಕೇಳಿ ಅರ್ಜಿ ಹಾಕಿದ್ದು, ತೀರ್ಮಾನ ಇನ್ನೂ ಬಾರದವರನ್ನು ಆಶ್ರಯ ಕೋರಿದವರು ಎನ್ನಬೇಕು. ದೇಶದ ಗಡಿಯನ್ನೇ ದಾಟದೆ ಮನೆಮಠ ಕಳೆದುಕೊಂಡವರು ಈ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಪತ್ರಿಕೆಗಳು ನೆರೆಯಲ್ಲಿ ಮನೆ ಕೊಚ್ಚಿಹೋದವರನ್ನೂ ನಿರಾಶ್ರಿತರು ಎಂದು ಬರೆಯುವುದುಂಟು. ಅವರನ್ನು ಸಂತ್ರಸ್ತರು ಎಂದರೆ ಎರಡೂ ಕಡೆಯವರ ಕಷ್ಟ ಸ್ಪಷ್ಟವಾಗುತ್ತದೆ.

ಭಾರತ ಈ ಎರಡು ಒಪ್ಪಂದಗಳಿಗೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದವರಿಗೆ ಅಂದಿನ ಮೈಸೂರು ರಾಜ್ಯ 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಜಮೀನು ಕೊಟ್ಟಿತು. ನಾವು ಅವರನ್ನು ನಿರಾಶ್ರಿತರೆಂದು ಕರೆದರೂ ಕಾನೂನಿನ ಕಣ್ಣಿಗೆ ಅವರು ವಿದೇಶಿಯರು. ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತು ಪುಸ್ತಕ. ಆದರೆ ಅದೇ ಬೈಲಕುಪ್ಪೆಯಲ್ಲಿ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣನಿಗೆ ಭಾರತೀಯನೆಂಬ ಹಕ್ಕು ಇದ್ದು, ತಮ್ಮ ವಿದೇಶಿಯನಾಗಿ ಉಳಿಯಬಹುದು.

ಇನ್ನು ನಿಮ್ಮೂರ ಹುಡುಗ. ದುಡಿಮೆಗೋ ಓದಿಗೋ ವಾಸ ಬದಲಿಸಿದವರು ವಲಸಿಗರು. ಈ ಪದಕ್ಕೆ ಜಗತ್ತೆಲ್ಲ ಒಪ್ಪಿದ ಕಾನೂನಿನ ವ್ಯಾಖ್ಯೆಯಿಲ್ಲ. ಅನಿವಾಸಿ ಭಾರತೀಯ ಎಂದರೆ ಭಾರತದ ಪೌರತ್ವ ಉಳಿಸಿಕೊಂಡೇ ಹೊರಗೆ ನೆಲೆಸಿದವನು. ಆದಾಯ ತೆರಿಗೆಯವರು ಇದನ್ನು ವರ್ಷದಲ್ಲಿ ಇಲ್ಲಿ ಕಳೆದ ದಿನಗಳ ಮೇಲೆ ಅಳೆಯುತ್ತಾರೆ. ಮುಖ್ಯ ಅಳತೆ 182 ದಿನ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರ ಹೆಸರಿನಲ್ಲಿ ‘ಸಾಗರೋತ್ತರ ನಾಗರಿಕ’ ಎಂದಿದ್ದರೂ ಅವರು ಭಾರತದ ನಾಗರಿಕರಲ್ಲ. ಅವರಿಗೆ ಮತವಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಗಲ್ಫ್‌ಗೆ ಹೋಗುವ ವಿಮಾನದಲ್ಲಿ ಉಡುಪಿಯ ಎಂಜಿನಿಯರ್ ಮತ್ತು ಭಟ್ಕಳದ ಗಾರೆ ಕೆಲಸದವರು ಅಕ್ಕಪಕ್ಕ ಕೂತಿರಬಹುದು. ಅನಿವಾಸಿ ಎಂಬ ಮರ್ಯಾದೆ ಎಂಜಿನಿಯರಿಗೆ, ವಲಸೆ ಕಾರ್ಮಿಕ ಎಂಬ ಹೆಸರು ಗಾರೆಯವರಿಗೆ. ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಎಂಬ ಗುರುತು ಬೀಳುತ್ತದೆ. ಸೌದಿ, ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೊರಡುವ ಮೊದಲು ಅವರು ಸರ್ಕಾರದ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆ ಇದನ್ನು ಕಾರ್ಮಿಕರ ರಕ್ಷಣೆಗೆಂದೇ ತಂದಿತು. ಅಲ್ಲಿಗೆ ಹೋದ ಮೇಲೆ ಅವರ ಇಕಾಮಾ, ಅಂದರೆ ವಾಸದ ಪರವಾನಗಿ, ಸಾಮಾನ್ಯವಾಗಿ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕನ ಹೆಸರಿಗೆ ಅಂಟಿಕೊಂಡಿರುತ್ತದೆ. ಸಂಬಳ ಸಿಗದೆ ಅವನನ್ನು ಬಿಟ್ಟು ಹೋದರೆ, ಓಡಿಹೋದನೆಂದು ಕಫೀಲ ದೂರು ಕೊಟ್ಟರೆ, ವೀಸಾ ಹಿಡಿದು ನೆಟ್ಟಗೆ ಹೋದವರೇ ಒಂದು ದಿನ ಅಕ್ರಮವಾಸಿ ಆಗಿಬಿಡುತ್ತಾರೆ.

ಅಕ್ರಮ ವಲಸಿಗ ಎಂಬ ಮಾತನ್ನು ಆಡುವಾಗ ನಾವು ಎಚ್ಚರದಿಂದಿರಬೇಕಾದ್ದು ಇದಕ್ಕೇ. ನಮ್ಮ ಪೌರತ್ವ ಕಾಯ್ದೆಯಲ್ಲೂ ಅದರ ವ್ಯಾಪ್ತಿ ದೊಡ್ಡದು: ಕಾಗದವಿಲ್ಲದೆ ಬಂದವರೂ ಸೇರುತ್ತಾರೆ, ಸರಿಯಾದ ಕಾಗದದೊಂದಿಗೆ ಬಂದು ಅವಧಿ ಮೀರಿ ಉಳಿದವರೂ ಸೇರುತ್ತಾರೆ. 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗುವಿನ ತಾಯಿ ಅಥವಾ ತಂದೆಗೆ ಈ ಹೆಸರು ಬಿದ್ದಿದ್ದರೆ, ಇನ್ನೊಬ್ಬರು ಭಾರತೀಯರಾಗಿದ್ದರೂ ಮಗುವಿಗೆ ಹುಟ್ಟಿನ ಪೌರತ್ವವಿಲ್ಲ. 2019ರ ತಿದ್ದುಪಡಿ ಬಂದಾಗ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರ ಮೇಲಿದ್ದ ಇದೇ ಹೆಸರನ್ನು ಕಾನೂನು ತೆಗೆದುಹಾಕಿತು. ಆ ಜನ ಬದಲಾಗಿರಲಿಲ್ಲ, ಬಂದ ದಾರಿಯೂ ಬದಲಾಗಿರಲಿಲ್ಲ. 1975ರಷ್ಟು ಹಿಂದೆಯೇ ವಿಶ್ವಸಂಸ್ಥೆಯ ಮಹಾಸಭೆ, ಇಂಥ ಕಾರ್ಮಿಕರನ್ನು ಅಕ್ರಮ ಎನ್ನುವ ಬದಲು ದಾಖಲೆ ಇಲ್ಲದವರು ಎನ್ನಿ ಎಂದು ಕೋರಿತ್ತು.

ಹಾಗಾದರೆ ನಾವು ಹೇಗೆ ಕರೆಯೋಣ? ಕಾರಣ ಗೊತ್ತಿದ್ದರೆ ಕಾರಣದಿಂದ ಕರೆಯಿರಿ: ಜೀವಭಯದಿಂದ ಬಂದವರು ನಿರಾಶ್ರಿತರು, ದುಡಿಯಲು ಬಂದವರು ವಲಸೆ ಕಾರ್ಮಿಕರು. ಅರ್ಜಿ ಇತ್ಯರ್ಥವಾಗಿಲ್ಲದಿದ್ದರೆ ಆಶ್ರಯ ಕೋರಿದವರು ಎನ್ನಿ. ಏನೂ ಗೊತ್ತಿಲ್ಲದಿದ್ದರೆ ‘ಬೇರೆ ದೇಶದಿಂದ ಬಂದವರು’ ಎಂದರೆ ಸಾಕು, ಅದರಲ್ಲಿ ಸುಳ್ಳಿಲ್ಲ. ಅಕ್ರಮವೋ ಸಕ್ರಮವೋ ಎಂಬುದನ್ನು ದಾಖಲೆ ನೋಡಿ, ಅವರ ಮಾತು ಕೇಳಿ ತೀರ್ಮಾನಿಸುವುದು ನ್ಯಾಯಾಲಯದ, ಅಧಿಕಾರಿಗಳ ಕೆಲಸ. ಬೀದಿಯಲ್ಲಿ ಮುಖ, ಭಾಷೆ, ಬಟ್ಟೆ ನೋಡಿ ನಾವು ಆ ತೀರ್ಪು ಕೊಡಬಾರದು.